612ನೇ ಬಿಲ್ ಇದೆ, 609 ಇಲ್ಲ: ಡಿಸ್ಕ್ ಬರೆಯುವ ಕ್ರಮ ಯಾಕೆ ತಪ್ಪುತ್ತದೆ?

ಕಳೆದ ಮಳೆಗಾಲದಲ್ಲಿ ಮುಲುಂಡ್‌ನಿಂದ ಮಾವನ ಫೋನ್ ಬಂತು. ಅವರದ್ದು ಅಲ್ಲಿ ಒಂದು ಸಣ್ಣ ಉಡುಪಿ ಹೋಟೆಲ್. ಸಂಜೆ ಏಳರ ಹೊತ್ತಿಗೆ, ಟೇಬಲ್ ಎಲ್ಲ ತುಂಬಿದ್ದಾಗ, ಕರೆಂಟ್ ಹೋಗಿತ್ತು. ಗಲ್ಲಾದ ಮೇಲಿರುವ ಬಿಲ್ಲಿಂಗ್ ಕಂಪ್ಯೂಟರಿನ ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಶುರುವಾಯಿತು. ಬಿಲ್ಲಿಂಗ್ ಸಾಫ್ಟ್‌ವೇರ್ ಕೂಡ ತೆರೆಯಿತು. ಆದರೆ ರಾತ್ರಿ ಲೆಕ್ಕ ಕೂಡಲಿಲ್ಲ.

"ಎಂತ ಮಾರಾಯ ಇದು? ಗಿರಾಕಿಗೆ ಬಿಲ್ ಕೊಟ್ಟಾಗಿದೆ, ಯುಪಿಐಯಲ್ಲಿ ದುಡ್ಡೂ ಬಂದಿದೆ. ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ. ಕೊನೆಯದ್ದು ಹೋಗಿದ್ದರೆ ಹೋಗಲಿ ಅಂತ ಬಿಡಬಹುದಿತ್ತು. 612 ಇದೆ, 611 ಇದೆ. 609, 610 ಇಲ್ಲ!"

ಆ ಕೊನೆಯ ಮಾತು ಕೇಳಿ ನಾನು ಎದ್ದು ಕೂತೆ. ನಾನಿರುವುದು ಪುಣೆಯಲ್ಲಿ. ಹಿಂಜವಡಿಯ ಒಂದು ಆಫೀಸಿನಲ್ಲಿ ಸ್ಟೋರೇಜ್ ಡ್ರೈವರ್‌ಗಳ ಕೆಲಸ ಮಾಡುತ್ತೇನೆ. ಅಂದರೆ ಆಪರೇಟಿಂಗ್ ಸಿಸ್ಟಮ್ ಮತ್ತು ಡಿಸ್ಕ್ ನಡುವೆ ಮಾತು ತಲುಪಿಸುವ ಸಾಫ್ಟ್‌ವೇರ್ ಬರೆಯುವ ಕೆಲಸ. ಕರೆಂಟ್ ಹೋದಾಗ ಕೊನೆಯ ಒಂದೆರಡು ಬಿಲ್ ಹೋಗುವುದು ಅರ್ಥವಾಗುತ್ತದೆ. ಬರೆಯುವಷ್ಟರಲ್ಲಿ ದೀಪ ಆರಿತು, ಅಷ್ಟೇ. ಆದರೆ ಆಮೇಲೆ ಬರೆದದ್ದು ಉಳಿದು, ಮೊದಲು ಬರೆದದ್ದು ಹೋಗಿದೆ ಅಂದರೆ ಬರೆಯುವ ಕ್ರಮವೇ ತಪ್ಪಿದೆ. ಇದು ಹೆಚ್ಚು ಅಪಾಯದ ರೋಗ. ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್ ಸಾಲಾಗಿ ಇರಬೇಕು. ನಡುವೆ ತೂತು ಬಿದ್ದರೆ ಆಡಿಟರ್ ಕೇಳುತ್ತಾರೆ. ಬಿಲ್ ಮುಚ್ಚಿಟ್ಟಿದ್ದೀರಾ ಅಂತ ಅನುಮಾನ ಬಂದರೆ ಮಾವ ಏನು ತೋರಿಸಬೇಕು?

ಮುಂಬಯಿಯಲ್ಲಿ ಕರೆಂಟ್ ಹೋಗುವುದೇ ಇಲ್ಲ ಅನ್ನುವ ಮಾತೊಂದಿದೆ. ಬೇರೆ ಊರುಗಳಿಗೆ ಹೋಲಿಸಿದರೆ ಅದು ಬಹುಪಾಲು ನಿಜ. ಆದರೂ 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ನಗರ ಕತ್ತಲಾಗಿದ್ದು, ಲೋಕಲ್ ರೈಲುಗಳು ಹಳಿಯ ಮೇಲೇ ನಿಂತದ್ದು ಇಲ್ಲಿರುವ ಯಾರೂ ಮರೆತಿಲ್ಲ. ಪುಣೆಯಲ್ಲಿ ಗುರುವಾರ ಬಂತೆಂದರೆ ರಿಪೇರಿಗೆ ಕರೆಂಟ್ ತೆಗೆಯುತ್ತಾರೆ ಅನ್ನುವುದು ಮನೆಮನೆಗೂ ಗೊತ್ತು. ಗೋವಾದ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬೀಳುವುದು ಹೊಸತಲ್ಲ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುವುದರಿಂದ ನಮಗೆ ಇದರ ಬಿಸಿ ತಟ್ಟುವುದಿಲ್ಲ. ತಟ್ಟುವುದು ಡೆಸ್ಕ್‌ಟಾಪ್ ಇಟ್ಟುಕೊಂಡ ಹೋಟೆಲಿಗೆ, ಔಷಧಿ ಅಂಗಡಿಗೆ, ಕ್ಲಿನಿಕ್ಕಿಗೆ, ಸೊಸೈಟಿ ಆಫೀಸಿಗೆ.

"ಸೇವ್ ಆಯ್ತು" ಅಂತ ಹೇಳಿದವರು ಯಾರು?

ಬಿಲ್ಲಿಂಗ್ ಸಾಫ್ಟ್‌ವೇರ್ ಒಂದು ಬಿಲ್ ಬರೆದಾಗ ಅದು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಮೊದಲು ಆಪರೇಟಿಂಗ್ ಸಿಸ್ಟಮ್ ಅದನ್ನು ಮೆಮರಿಯಲ್ಲಿ ಇಟ್ಟುಕೊಳ್ಳುತ್ತದೆ. ಇಟ್ಟುಕೊಂಡ ಕೂಡಲೇ "ಆಯ್ತು" ಅನ್ನುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಸಾಮಾನ್ಯವಾಗಿ ಹೀಗೆ ಮೆಮರಿಯಲ್ಲಿ ಕೂತ ಬರಹ 30 ಸೆಕೆಂಡು ಹಳತಾದ ಮೇಲೆ ಕೆಳಗೆ ಹೊರಡುತ್ತದೆ. ಅಷ್ಟು ಹೊತ್ತು ಕಾಯಲು ಆಗುವುದಿಲ್ಲ ಅಂದರೆ ಪ್ರೋಗ್ರಾಂ ಎಫ್‌ಸಿಂಕ್ ಎಂಬ ಕರೆ ಮಾಡಬೇಕು. ವಿಂಡೋಸ್‌ನಲ್ಲಿ ಅದೇ ಕೆಲಸಕ್ಕೆ ಫ್ಲಶ್‌ಫೈಲ್‌ಬಫರ್ಸ್ ಇದೆ. "ಈಗಲೇ ಡಿಸ್ಕಿಗೆ ಇಳಿಸು, ಇಳಿದ ಮೇಲೆ ನನಗೆ ಹೇಳು" ಅನ್ನುವುದು ಇದರ ಅರ್ಥ.

ಇಳಿಸಿದ ಮೇಲೂ ಕಥೆ ಮುಗಿಯುವುದಿಲ್ಲ. ಡಿಸ್ಕ್ ಒಳಗೂ ಒಂದು ಸಣ್ಣ ಮೆಮರಿ ಇದೆ. ಅದನ್ನು ರೈಟ್ ಕ್ಯಾಶ್ ಅನ್ನುತ್ತೇವೆ. ಬರಹ ಅಲ್ಲಿಗೆ ಬಂದ ಕೂಡಲೇ ಡಿಸ್ಕ್ ಕೂಡ "ಆಯ್ತು" ಅನ್ನುತ್ತದೆ. ನಿಜವಾಗಿ ಒಳಗೆ ತಿರುಗುವ ತಟ್ಟೆಯ ಮೇಲೆ ಅಥವಾ ಫ್ಲ್ಯಾಶ್ ಚಿಪ್‌ನಲ್ಲಿ ಬರೆಯುವುದು ಆಮೇಲೆ. ಆಪರೇಟಿಂಗ್ ಸಿಸ್ಟಮ್ ಕುಸಿದು ಬಿದ್ದರೆ ಈ ಒಳಗಿನ ಕ್ಯಾಶ್‌ಗೆ ಏನೂ ಆಗುವುದಿಲ್ಲ. ಡಿಸ್ಕಿಗೆ ಕರೆಂಟ್ ಇದೆಯಲ್ಲ, ಅದು ತನ್ನ ಪಾಡಿಗೆ ಬರೆದು ಮುಗಿಸುತ್ತದೆ. ಆದರೆ ಕರೆಂಟೇ ಹೋದರೆ ಆ ಕ್ಯಾಶ್ ಖಾಲಿ. ಅದಕ್ಕೇ "ನಮ್ಮ ಕಂಪ್ಯೂಟರ್ ಎಷ್ಟೋ ಸಲ ಹ್ಯಾಂಗ್ ಆಗಿದೆ, ಯಾವತ್ತೂ ಏನೂ ಹೋಗಿಲ್ಲ" ಅನ್ನುವ ಅನುಭವವನ್ನು ನಂಬಿ ಕೂರಬಾರದು. ಹ್ಯಾಂಗ್ ಆಗುವುದು ಬೇರೆ, ಪ್ಲಗ್ ಕಿತ್ತುಹೋಗುವುದು ಬೇರೆ.

ಡಿಸ್ಕ್ ತನ್ನ ಕ್ಯಾಶ್‌ನಲ್ಲಿ ಇರುವುದನ್ನು ಬಂದ ಕ್ರಮದಲ್ಲೇ ಬರೆಯುವುದಿಲ್ಲ. ಮುಂಬಯಿಯ ಎತ್ತರದ ಕಟ್ಟಡದ ಲಿಫ್ಟ್ ನೆನಪಿಸಿಕೊಳ್ಳಿ. ಮೊದಲು ಗುಂಡಿ ಒತ್ತಿದವರು 18ನೇ ಮಹಡಿಯವರು, ಆಮೇಲೆ 4ನೆಯವರು. ಲಿಫ್ಟ್ ಮೇಲೆ ಹೋಗುವಾಗ ಮೊದಲು ನಿಲ್ಲುವುದು 4ರಲ್ಲೇ. ಹಾರ್ಡ್ ಡಿಸ್ಕ್ ಕೂಡ ಹಾಗೆಯೇ. ತಟ್ಟೆಯ ಮೇಲೆ ಓದಿ ಬರೆಯುವ ಅದರ ತಲೆ ಹತ್ತಿರ ಇರುವ ಜಾಗಗಳಲ್ಲಿ ಮೊದಲು ಬರೆದುಕೊಂಡು ಹೋಗುತ್ತದೆ. ಈ ವಿಧಾನಕ್ಕೆ ಎಲಿವೇಟರ್ ಅಲ್ಗಾರಿದಮ್ ಅಂತಲೇ ಹೆಸರು. ಫ್ಲ್ಯಾಶ್ ಚಿಪ್‌ಗಳಿಂದ ಮಾಡಿದ ಎಸ್‌ಎಸ್‌ಡಿಗೆ ತಲೆಯೂ ಇಲ್ಲ, ತಟ್ಟೆಯೂ ಇಲ್ಲ. ಆದರೆ ಅದರಲ್ಲಿ ಹಲವು ಚಿಪ್‌ಗಳಿಗೆ ಒಟ್ಟಿಗೆ ಕೆಲಸ ಹಂಚುತ್ತಾರೆ. ಯಾವುದು ಮೊದಲು ಮುಗಿಯುತ್ತದೆ ಅಂತ ಹೇಳಲು ಬರುವುದಿಲ್ಲ. ಸಾಟಾ ಎಂಬ ಹಳೆಯ ಜೋಡಣೆಯ ಡಿಸ್ಕಿನಲ್ಲಿ ಒಮ್ಮೆಗೆ 32 ಕೆಲಸ ಸಾಲಿನಲ್ಲಿ ನಿಲ್ಲುತ್ತಿದ್ದವು. ಹೊಸ ಎಸ್‌ಎಸ್‌ಡಿಗಳು ಬಳಸುವ ಎನ್‌ವಿಎಂಇ ಪ್ರಮಾಣದಲ್ಲಿ ಒಂದೊಂದು ಸಾಲಿನಲ್ಲೂ 65 ಸಾವಿರಕ್ಕಿಂತ ಜಾಸ್ತಿ ನಿಲ್ಲಬಹುದು, ಅಂಥ ಸಾಲುಗಳೂ ಸಾವಿರಾರು ಇರಬಹುದು. ಆ ಸಾಲುಗಳ ಮಧ್ಯೆ ಯಾವ ಕ್ರಮದ ಖಾತರಿಯೂ ಇಲ್ಲ.

ಹಾಗಾಗಿ 612 ಇಳಿದು 609 ಇಳಿಯದೇ ಇರುವುದು ಡಿಸ್ಕ್ ಮಟ್ಟಿಗೆ ತಪ್ಪೇ ಅಲ್ಲ. ಕ್ರಮ ಬೇಕು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಮೇಲಿನವರು. ಹೇಳಿದ್ದನ್ನು ತಲುಪಿಸಬೇಕಾದ್ದು ಡ್ರೈವರ್.

ಕಿರ್ದಿ ಮೊದಲು, ಖಾತೆ ಆಮೇಲೆ

ಕ್ರಮ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಮಾವನ ಹೋಟೆಲಿನ ಹಳೆಯ ಪದ್ಧತಿಯೇ ಸಾಕು. ಕಂಪ್ಯೂಟರ್ ಬರುವ ಮೊದಲು ಅಲ್ಲಿ ಒಬ್ಬರು ರೈಟರು ಇದ್ದರು. ಅವರ ಹತ್ತಿರ ಎರಡು ಪುಸ್ತಕ. ಒಂದು ಕಿರ್ದಿ, ಇನ್ನೊಂದು ಖಾತೆ. ದುಡ್ಡು ಬಂದ ಕೂಡಲೇ ಕಿರ್ದಿಯಲ್ಲಿ ಬರೆಯುವುದು. ರಾತ್ರಿ ನಿಧಾನವಾಗಿ ಕೂತು, ಕಿರ್ದಿ ನೋಡಿ, ಹಾಲಿನವನ ಖಾತೆ, ಕಿರಾಣಿಯವನ ಖಾತೆ ಅಂತ ಆಯಾ ಪುಟಕ್ಕೆ ಏರಿಸುವುದು. ಮಧ್ಯದಲ್ಲಿ ದೀಪ ಹೋದರೂ ಭಯವಿಲ್ಲ. ನಾಳೆ ಕಿರ್ದಿ ತೆಗೆದು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಬಹುದು. ಇದಕ್ಕೆ ಒಂದೇ ಷರತ್ತು. ಕಿರ್ದಿಯಲ್ಲಿ ಬರೆಯದೆ ಖಾತೆಗೆ ಕೈ ಹಾಕಬಾರದು.

ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಇವತ್ತಿನ ಫೈಲ್ ಸಿಸ್ಟಮ್‌ಗಳಲ್ಲಿ ಜರ್ನಲ್ ಅನ್ನುವುದು ಇದೇ ಕಿರ್ದಿ. ಲಿನಕ್ಸ್‌ನ ಇಎಕ್ಸ್‌ಟಿ4, ವಿಂಡೋಸ್‌ನ ಎನ್‌ಟಿಎಫ್‌ಎಸ್, ಎರಡರಲ್ಲೂ ಇದೆ. ಡೇಟಾಬೇಸ್‌ಗಳಲ್ಲೂ ಇಂಥದ್ದೇ ಒಂದು ಲಾಗ್ ಇರುತ್ತದೆ. ಏನು ಬದಲಿಸಬೇಕೋ ಅದನ್ನು ಮೊದಲು ಜರ್ನಲ್‌ಗೆ ಬರೆಯುತ್ತಾರೆ. ಕೊನೆಗೆ "ಇಲ್ಲಿಗೆ ಪೂರ್ತಿಯಾಯಿತು" ಅಂತ ಒಂದು ಕಮಿಟ್ ಗುರುತು ಹಾಕುತ್ತಾರೆ. ಆಮೇಲೆ ನಿಜವಾದ ಜಾಗಕ್ಕೆ ಬರೆಯುತ್ತಾರೆ. ಕರೆಂಟ್ ಹೋಗಿ ಬಂದಾಗ ಕಮಿಟ್ ಗುರುತು ಇದ್ದರೆ ಆ ನಮೂದನ್ನು ನಂಬುತ್ತಾರೆ, ಇಲ್ಲದಿದ್ದರೆ ಬಿಟ್ಟುಬಿಡುತ್ತಾರೆ.

ಈಗ ಡಿಸ್ಕ್ ತನ್ನ ಅನುಕೂಲಕ್ಕೆ ಕಮಿಟ್ ಗುರುತನ್ನು ಮೊದಲು ಬರೆದು, ನಮೂದನ್ನು ಕ್ಯಾಶ್‌ನಲ್ಲೇ ಇಟ್ಟುಕೊಂಡಾಗ ಕರೆಂಟ್ ಹೋಯಿತು ಅನ್ನಿ. ಕರೆಂಟ್ ಬಂದ ಮೇಲೆ ಫೈಲ್ ಸಿಸ್ಟಮ್ ನೋಡುತ್ತದೆ. ಗುರುತು ಇದೆ. ಆದರೆ ಅದರ ಹಿಂದಿನ ಪುಟದಲ್ಲಿ ಇರುವುದು ಎಂದಿನದೋ ಹಳೆಯ ಕಸ. ಆ ಕಸವನ್ನೇ ನಿಜ ಅಂತ ನಂಬಿ ಖಾತೆಗೆ ಏರಿಸುತ್ತದೆ. ಹೊಸ ಬಿಲ್ ಹೋಗುವುದು ಹಾಗಿರಲಿ, ಮೊದಲೇ ಸರಿಯಾಗಿದ್ದ ಹಳೆಯ ಲೆಕ್ಕವೂ ಕೆಡುತ್ತದೆ. ಜರ್ನಲ್ ಇಲ್ಲದೇ ಇದ್ದರೇ ಒಳ್ಳೆಯದಿತ್ತು ಅನ್ನಿಸುವಂಥ ಸ್ಥಿತಿ. ಇದನ್ನು ಹಿಡಿಯಲು ಇಎಕ್ಸ್‌ಟಿ4 ಜರ್ನಲ್‌ನಲ್ಲಿ ಚೆಕ್‌ಸಮ್, ಅಂದರೆ ಬರಹ ಸರಿಯಿದೆಯೇ ಅಂತ ತಾಳೆ ನೋಡುವ ಸಂಖ್ಯೆ, ಇಡುವ ಸೌಲಭ್ಯ ಬಂತು. ಆದರೆ ಚೆಕ್‌ಸಮ್ ತಪ್ಪನ್ನು ತೋರಿಸಿಕೊಡುತ್ತದೆ, ಹೋದದ್ದನ್ನು ತಂದುಕೊಡುವುದಿಲ್ಲ.

ಡ್ರೈವರ್ ಮಾಡಬೇಕಾದ್ದು

ಡಿಸ್ಕ್‌ಗೆ ಕ್ರಮ ಹೇಳಲು ಇರುವ ಮುಖ್ಯ ಆಯುಧ ಫ್ಲಶ್ ಆಜ್ಞೆ. "ನಿನ್ನ ಕ್ಯಾಶ್‌ನಲ್ಲಿ ಇರುವುದನ್ನೆಲ್ಲ ಖಾಲಿ ಮಾಡು, ಮಾಡಿ ಆದ ಮೇಲೆ ಹೇಳು." ಸಾಟಾ ಡಿಸ್ಕಿಗೆ ಫ್ಲಶ್ ಕ್ಯಾಶ್, ಸರ್ವರ್‌ಗಳಲ್ಲಿ ಕಾಣುವ ಸ್ಕಸಿ ಡಿಸ್ಕಿಗೆ ಸಿಂಕ್ರೊನೈಸ್ ಕ್ಯಾಶ್, ಎನ್‌ವಿಎಂಇಗೆ ಬರೀ ಫ್ಲಶ್. ಹೆಸರು ಬೇರೆ, ಕೆಲಸ ಒಂದೇ. ಇದರ ಜೊತೆಗೆ ಎಫ್‌ಯುಎ ಎಂಬ ಒಂದು ಬಿಟ್, ಅಂದರೆ ಹೌದು-ಇಲ್ಲ ಗುರುತು, ಇದೆ. ಒಂದು ಬರಹಕ್ಕೆ ಅದನ್ನು ಹಚ್ಚಿದರೆ "ಇದೊಂದನ್ನು ಕ್ಯಾಶ್‌ನಲ್ಲಿ ಬಿಡಬೇಡ, ಪಕ್ಕಾ ಜಾಗಕ್ಕೆ ಬರೆದ ಮೇಲೇ ಆಯ್ತು ಅನ್ನು" ಅಂತ ಅರ್ಥ. ಕಮಿಟ್ ಗುರುತು ಬರೆಯಲು ಇವೆರಡೂ ಸೇರಿದರೆ ಸರಿಹೋಗುತ್ತದೆ. ಮೊದಲು ಹಿಂದಿನದನ್ನೆಲ್ಲ ಖಾಲಿ ಮಾಡು, ಆಮೇಲೆ ಈ ಗುರುತನ್ನು ನೇರ ಇಳಿಸು. ಡಿಸ್ಕಿಗೆ ಎಫ್‌ಯುಎ ಬರದಿದ್ದರೆ ಗುರುತು ಬರೆದು ಇನ್ನೊಮ್ಮೆ ಫ್ಲಶ್ ಕಳಿಸಬೇಕು.

ಕೇಳಲು ಸುಲಭ, ಅಲ್ವಾ? ಹೊಸಬರು ಎಡವುವುದು ಇಲ್ಲೇ. ಫ್ಲಶ್ ಅನ್ವಯಿಸುವುದು ಅದನ್ನು ಕಳಿಸುವ ಮೊದಲೇ "ಆಯ್ತು" ಅಂತ ಉತ್ತರ ಬಂದ ಬರಹಗಳಿಗೆ ಮಾತ್ರ. ಇನ್ನೂ ದಾರಿಯಲ್ಲಿರುವ ಬರಹಕ್ಕೆ ಅಲ್ಲ. ಬರಹವನ್ನೂ ಫ್ಲಶ್ಶನ್ನೂ ಒಂದರ ಹಿಂದೆ ಒಂದು ಸಾಲಿಗೆ ಹಾಕಿ "ಕ್ರಮದಲ್ಲೇ ಕಳಿಸಿದೆ" ಅಂದುಕೊಂಡರೆ ಮೋಸಹೋದ ಹಾಗೆ. ಡಿಸ್ಕ್ ಫ್ಲಶ್ಶನ್ನು ಮೊದಲು ಮುಗಿಸಿ, ಬರಹವನ್ನು ಆಮೇಲೆ ಕ್ಯಾಶ್‌ಗೆ ತೆಗೆದುಕೊಳ್ಳಬಹುದು. ನಿಯಮದ ಪ್ರಕಾರ ಅದು ಸರಿಯೇ. ಮೊದಲ ಬರಹಕ್ಕೆ ಉತ್ತರ ಬರುವ ತನಕ ಕಾಯಬೇಕು, ಆಮೇಲೆ ಫ್ಲಶ್ ಕಳಿಸಬೇಕು. ಈ ಕಾಯುವ ಕೆಲಸ ಯಾರದ್ದು ಅನ್ನುವುದರ ಮೇಲೆ ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ಚರ್ಚೆ ನಡೆದಿದೆ. ಮೊದಲು ಬ್ಯಾರಿಯರ್ ಅಂತ ಒಂದು ವ್ಯವಸ್ಥೆ ಇತ್ತು. ಬ್ಯಾರಿಯರ್ ಬಂದರೆ ಇಡೀ ಸಾಲನ್ನೇ ತಡೆದು ಹಿಂದಿನದು ಮುಗಿಯುವ ತನಕ ಮುಂದಿನದನ್ನು ಬಿಡುತ್ತಿರಲಿಲ್ಲ. ಟೋಲ್ ಗೇಟಿನಲ್ಲಿ ಒಂದು ಲಾರಿಗೋಸ್ಕರ ಎಲ್ಲ ಲೇನ್ ಮುಚ್ಚಿದ ಹಾಗೆ. 2011ರ ಆರಂಭದಲ್ಲಿ ಬಂದ ಲಿನಕ್ಸ್ ಆವೃತ್ತಿ 2.6.37ರಲ್ಲಿ ಅದನ್ನು ತೆಗೆದುಹಾಕಿದರು. ಕಾಯುವ ಜವಾಬ್ದಾರಿ ಫೈಲ್ ಸಿಸ್ಟಮ್‌ಗೆ ಹೋಯಿತು. ಕೆಳಗಿನ ಪದರಕ್ಕೆ ಉಳಿದದ್ದು ಫ್ಲಶ್ ಮತ್ತು ಎಫ್‌ಯುಎ ತಲುಪಿಸುವುದು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ತೀರ್ಮಾನ. ಯಾವುದರ ಹಿಂದೆ ಯಾವುದು ಬರಬೇಕು ಅನ್ನುವುದು ಗೊತ್ತಿರುವುದು ಫೈಲ್ ಸಿಸ್ಟಮ್‌ಗೆ ಮಾತ್ರ.

ಡ್ರೈವರ್ ಮಾಡುವ ಇನ್ನೊಂದು ಕೆಲಸ ಸಣ್ಣದಾಗಿ ಕಾಣುತ್ತದೆ. ಡಿಸ್ಕ್ ಸೇರಿಸಿದಾಗ "ನಿನ್ನಲ್ಲಿ ಕರೆಂಟ್ ಹೋದರೆ ಅಳಿಯುವ ಕ್ಯಾಶ್ ಇದೆಯಾ?" ಅಂತ ಕೇಳುವುದು. ಎನ್‌ವಿಎಂಇಯಲ್ಲಿ ಇದಕ್ಕೆಂದೇ ಒಂದು ಬಿಟ್ ಇದೆ. ಡಿಸ್ಕ್ "ಇಲ್ಲ" ಅಂದರೆ ಲಿನಕ್ಸ್ ಫ್ಲಶ್ ಕೋರಿಕೆಗಳನ್ನು ಕೆಳಗೆ ಕಳಿಸುವುದೇ ಇಲ್ಲ. ಮೇಲೇ ತಡೆದು "ಆಯ್ತು" ಅನ್ನುತ್ತದೆ. ಕ್ಯಾಶ್ ಇಲ್ಲದ ಡಿಸ್ಕಿಗೆ ಸುಮ್ನೆ ಫ್ಲಶ್ ಯಾಕೆ? ತರ್ಕ ಸರಿ. ಆದರೆ ಆ ಒಂದು ಬಿಟ್ ತಪ್ಪಾದರೆ ಮೇಲಿನ ಎಲ್ಲ ಜರ್ನಲ್, ಎಲ್ಲ ಡೇಟಾಬೇಸ್, ಎಲ್ಲ ಎಚ್ಚರಿಕೆ ವ್ಯರ್ಥ. ಅನುಮಾನ ಇದ್ದಾಗ ಡ್ರೈವರ್ "ಕ್ಯಾಶ್ ಇದೆ" ಅಂತಲೇ ಅಂದುಕೊಳ್ಳಬೇಕು. ನಾನು ಇದನ್ನು ಆಫೀಸಿನಲ್ಲಿ ಪ್ರತಿ ಸಲ ವಾದಿಸುತ್ತೇನೆ. ಬೇಡದ ಫ್ಲಶ್‌ನಿಂದ ನಿಧಾನ ಆಗುತ್ತದೆ, ಅಷ್ಟೇ. ಬೇಕಾದ ಫ್ಲಶ್ ಬಿಟ್ಟರೆ ಯಾರದೋ ಲೆಕ್ಕ ಹೋಗುತ್ತದೆ.

ಫ್ಲಶ್ ನಿಧಾನ ಆದರೆ ತಾಳ್ಮೆಯೂ ಬೇಕು. ದೊಡ್ಡ ಕ್ಯಾಶ್ ಖಾಲಿ ಮಾಡಲು 30 ಸೆಕೆಂಡಿಗಿಂತ ಜಾಸ್ತಿ ಹಿಡಿಯಬಹುದು ಅಂತ ಸಾಟಾ ಡಿಸ್ಕ್‌ಗಳ ಆಜ್ಞೆಗಳನ್ನು ಹೇಳುವ ಎಟಿಎ ಪ್ರಮಾಣದಲ್ಲೇ ಬರೆದಿದೆ. ಡ್ರೈವರ್ ಅಷ್ಟರೊಳಗೆ ಕೈಬಿಟ್ಟು ಡಿಸ್ಕನ್ನು ರೀಸೆಟ್ ಮಾಡಿದರೆ ಉಳಿಸಲು ಹೊರಟದ್ದನ್ನೇ ಅಪಾಯಕ್ಕೆ ದೂಡಿದ ಹಾಗೆ. ಎರಡು ಡಿಸ್ಕ್ ಸೇರಿಸಿ ಒಂದಾಗಿ ತೋರಿಸುವ ಪದರಗಳಿದ್ದರೆ ಫ್ಲಶ್ ಎರಡಕ್ಕೂ ಹೋಗಬೇಕು. ಒಂದು ಕಾಲಕ್ಕೆ ಲಿನಕ್ಸ್‌ನಲ್ಲಿ ಎಲ್‌ವಿಎಂ ಎಂಬ ಅಂಥ ಪದರ ಬಳಸಿದರೆ ಬ್ಯಾರಿಯರ್ ಕೆಳಗೆ ಹೋಗುತ್ತಲೇ ಇರಲಿಲ್ಲ. ಎಷ್ಟೋ ಸರ್ವರ್‌ಗಳು ಅದು ತಿಳಿಯದೇ ಓಡಿದವು.

ಇಲ್ಲಿ ಬ್ಯಾರಿಯರ್ ಎಂಬ ಪದದ ಬಗ್ಗೆ ಒಂದು ಮಾತು. ಡ್ರೈವರ್ ಬರೆಯುವವರಿಗೆ ಇನ್ನೊಂದು ಬ್ಯಾರಿಯರ್ ಇದೆ, ಅದು ಪ್ರೊಸೆಸರ್ ಮೆಮರಿಗೆ ಬರೆಯುವ ಕ್ರಮ ಕಾಯುವ ಮೆಮರಿ ಬ್ಯಾರಿಯರ್. ಎನ್‌ವಿಎಂಇ ಡ್ರೈವರ್ 64 ಬೈಟ್‌ನ ಒಂದು ಆಜ್ಞೆಯನ್ನು ಮೆಮರಿಯಲ್ಲಿ ಬರೆಯುತ್ತದೆ. ಆಮೇಲೆ ಡಿಸ್ಕಿನ ಡೋರ್‌ಬೆಲ್ ಎಂಬ ರಿಜಿಸ್ಟರ್‌ಗೆ (ಸೂಚನೆ ಕೊಡಲು ಡಿಸ್ಕಿನಲ್ಲಿರುವ ಪುಟ್ಟ ಜಾಗ) ಬರೆದು "ಬಾ, ನೋಡು" ಅನ್ನುತ್ತದೆ. ಬೆಲ್ ಮೊದಲು ಕೇಳಿಸಿ ಆಜ್ಞೆ ಆಮೇಲೆ ಕಂಡರೆ ಡಿಸ್ಕ್ ಹಳೆಯ ಆಜ್ಞೆಯನ್ನೇ ಓದಿಬಿಡುತ್ತದೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಬರಹಗಳ ಕ್ರಮ ಬಹುಪಾಲು ತಾನಾಗಿ ಉಳಿಯುತ್ತದೆ. ಆರ್ಮ್ ಪ್ರೊಸೆಸರ್‌ಗಳಲ್ಲಿ ಆ ಭರವಸೆ ಇಲ್ಲ, ಡ್ರೈವರೇ ಬ್ಯಾರಿಯರ್ ಹಾಕಬೇಕು. ಇದು ಡಿಸ್ಕಿನ ಕ್ಯಾಶ್‌ಗೆ ಸಂಬಂಧಪಟ್ಟದ್ದಲ್ಲ. ಹೆಸರು ಒಂದೇ ಆದ್ದರಿಂದ ಒಂದನ್ನು ಹಾಕಿ ಇನ್ನೊಂದೂ ಆಯಿತು ಅಂದುಕೊಂಡ ಕೋಡ್ ನಾನು ನೋಡಿದ್ದೇನೆ.

ದೊಡ್ಡವರೂ ಎಡವಿದ ಜಾಗ

ಇದು ಬರೀ ಹೋಟೆಲಿನ ಸಮಸ್ಯೆ ಅಂತ ಅಂದುಕೊಳ್ಳಬೇಡಿ. ಇಎಕ್ಸ್‌ಟಿ3 ಫೈಲ್ ಸಿಸ್ಟಮ್‌ನಲ್ಲಿ ಬ್ಯಾರಿಯರ್ ಸೌಲಭ್ಯ ಇದ್ದರೂ ಮೂಲ ಲಿನಕ್ಸ್‌ನಲ್ಲಿ ಅದು ವರ್ಷಗಟ್ಟಲೆ ಆಫ್ ಇತ್ತು. ಕಾರಣ ವೇಗ. ಇಎಕ್ಸ್‌ಟಿ4 ಬಂದ ಮೇಲೆ ಅದು ತಾನಾಗಿ ಆನ್ ಇರುವಂತಾಯಿತು. ಆಪಲ್ ಕಂಪ್ಯೂಟರ್‌ಗಳಲ್ಲಿ ಎಫ್‌ಸಿಂಕ್ ಕರೆದರೆ ಬರಹ ಡಿಸ್ಕಿನ ತನಕ ಹೋಗುತ್ತದೆ, ಡಿಸ್ಕಿನ ಒಳಗಿನ ಕ್ಯಾಶ್ ಖಾಲಿ ಆಗುವುದಿಲ್ಲ. ಅದಕ್ಕೆ ಎಫ್ ಫುಲ್ ಎಫ್‌ಸಿಂಕ್ ಎಂಬ ಬೇರೆ ಕರೆ ಇದೆ. ಆಪಲ್ ಇದನ್ನು ತನ್ನ ಕೈಪಿಡಿಯಲ್ಲೇ ಹೇಳಿಕೊಂಡಿದೆ. ಆದರೆ ಕೈಪಿಡಿಯ ಆ ಪುಟ ಓದಿದ ಪ್ರೋಗ್ರಾಮರ್‌ಗಳು ಎಷ್ಟು ಜನ?

2013ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿ ಮತ್ತು ಎಚ್‌ಪಿ ಲ್ಯಾಬ್ಸ್‌ನ ಸಂಶೋಧಕರು 15 ಎಸ್‌ಎಸ್‌ಡಿಗಳಿಗೆ ಬೇಕೆಂದೇ ಮತ್ತೆ ಮತ್ತೆ ಕರೆಂಟ್ ತೆಗೆದು ನೋಡಿದರು. 13ರಲ್ಲಿ ತೊಂದರೆ ಕಂಡಿತು. ಅರ್ಧ ಬರೆದ ಬರಹ, ಕೆಟ್ಟ ಬಿಟ್‌ಗಳು, ಮತ್ತು ನಮ್ಮ ಮಾವನಿಗೆ ಆದ ಹಾಗೆ ಕ್ರಮ ತಪ್ಪಿದ ಬರಹ. ಒಂದು ಎಸ್‌ಎಸ್‌ಡಿ ಪೂರ್ತಿ ಸತ್ತೇ ಹೋಯಿತು. ಎಸ್‌ಎಸ್‌ಡಿ ತನ್ನೊಳಗೆ ಯಾವ ಬರಹ ಯಾವ ಚಿಪ್‌ನಲ್ಲಿದೆ ಅನ್ನುವ ಒಂದು ದೊಡ್ಡ ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಗೇ ಪೆಟ್ಟು ಬಿದ್ದರೆ ಎಂದೋ ಬರೆದದ್ದೂ ಸಿಗುವುದಿಲ್ಲ. ದುಬಾರಿ ಸರ್ವರ್ ಎಸ್‌ಎಸ್‌ಡಿಗಳಲ್ಲಿ ಇದಕ್ಕಾಗಿ ಸ್ವಲ್ಪ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳನ್ನು ಇಡುತ್ತಾರೆ. ಕರೆಂಟ್ ಹೋದ ಮೇಲೂ ಕ್ಯಾಶ್ ಖಾಲಿ ಮಾಡುವಷ್ಟು ಹೊತ್ತು ಅವು ಜೀವ ಕೊಡುತ್ತವೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಎಸ್‌ಎಸ್‌ಡಿಯಲ್ಲಿ ಆ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ವೇಗ ಮಾತ್ರ. ಕರೆಂಟ್ ಹೋದರೆ ಏನಾಗುತ್ತದೆ ಅನ್ನುವುದನ್ನೂ ಅಷ್ಟೇ ದೊಡ್ಡದಾಗಿ ಬರೆಯಬೇಕು ಅನ್ನುವುದು ನನ್ನ ಬೇಡಿಕೆ.

2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರಿಗೆ ಇನ್ನೂ ದೊಡ್ಡ ಆಘಾತ ಆಯಿತು. ಡಿಸ್ಕಿಗೆ ಬರೆಯುವಾಗ ತಪ್ಪು ಬಂದರೆ ಎಫ್‌ಸಿಂಕ್ ಒಮ್ಮೆ "ಆಗಲಿಲ್ಲ" ಅನ್ನುತ್ತದೆ. ಸರಿ ಅಂತ ಇನ್ನೊಮ್ಮೆ ಕರೆದರೆ "ಆಯ್ತು" ಅನ್ನುತ್ತದೆ. ಆದರೆ ನಿಜವಾಗಿ ಬರಹ ಇಳಿದೇ ಇರುವುದಿಲ್ಲ. ಲಿನಕ್ಸ್ ಆ ಪುಟವನ್ನು ಬರೆದಾಗಿದೆ ಅಂತ ಗುರುತು ಮಾಡಿಬಿಟ್ಟಿರುತ್ತದೆ. ಇಪ್ಪತ್ತು ವರ್ಷ ಎಲ್ಲರೂ ಮತ್ತೆ ಪ್ರಯತ್ನಿಸಿದರೆ ಸರಿಹೋಗುತ್ತದೆ ಅಂತಲೇ ನಂಬಿದ್ದರು. 2019ರ ಆರಂಭದಲ್ಲಿ ಬಂದ ಪೋಸ್ಟ್‌ಗ್ರೆಸ್ ಆವೃತ್ತಿಗಳಲ್ಲಿ ಇದನ್ನು ಬದಲಿಸಿದರು. ಎಫ್‌ಸಿಂಕ್ ಸೋತರೆ ಡೇಟಾಬೇಸ್ ಅಲ್ಲೇ ನಿಂತು, ಮತ್ತೆ ಶುರುವಾಗಿ, ತನ್ನ ಲಾಗ್‌ನಿಂದ ಎಲ್ಲವನ್ನೂ ಪುನಃ ಬರೆಯುತ್ತದೆ.

ಕ್ರಮ ಬೇರೆ, ಖಾತರಿ ಬೇರೆ

ಇಷ್ಟೆಲ್ಲ ಗೊತ್ತಿದ್ದೂ ಜನ ಫ್ಲಶ್ ಆಫ್ ಮಾಡುವುದು ಯಾಕೆ? ಅದು ದುಬಾರಿ, ಅದಕ್ಕೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದರ ಹಿಂದೆ ಒಂದರಂತೆ ಲಾಗ್‌ನ ಮುಂದಿನ ಜಾಗಕ್ಕೆ ಬರೆಯುತ್ತ, ಪ್ರತಿ ಬರಹವೂ ತಟ್ಟೆಗೆ ಇಳಿಯಲೇಬೇಕು ಅಂದರೆ ಸೆಕೆಂಡಿಗೆ 120ರ ಆಸುಪಾಸಿಗಿಂತ ಜಾಸ್ತಿ ಆಗುವುದಿಲ್ಲ. ಇದು ಒಳ್ಳೆಯ ಪರೀಕ್ಷೆಯೂ ಹೌದು. ತನ್ನದೇ ಬ್ಯಾಟರಿಯಿಂದ ಕ್ಯಾಶ್ ಉಳಿಸಿಕೊಳ್ಳುವ ಕಂಟ್ರೋಲರ್ ಕಾರ್ಡ್ ಇಲ್ಲದ ಅಂಥ ಡಿಸ್ಕಿನ ಮೇಲೆ ಯಾರಾದರೂ ಸೆಕೆಂಡಿಗೆ ಐದು ಸಾವಿರ ಸಲ ಎಫ್‌ಸಿಂಕ್ ಆಗುತ್ತಿದೆ ಅಂತ ತೋರಿಸಿದರೆ, ದಾರಿಯಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತಲೇ ಅರ್ಥ.

ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಬೇರು ಇರುವುದು ಇಲ್ಲಿ. ಮಾವನ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಬೇಕಿದ್ದದ್ದು ಎರಡು ಬೇರೆ ಬೇರೆ ವಿಷಯ. ಒಂದು, 609 ಇಳಿಯದೆ 612 ಇಳಿಯಬಾರದು. ಇದು ಕ್ರಮ. ಇನ್ನೊಂದು, ಬಿಲ್ ಪ್ರಿಂಟ್ ಆಗುವಷ್ಟರಲ್ಲಿ ಅದು ಡಿಸ್ಕಿನಲ್ಲಿ ಇರಬೇಕು. ಇದು ಖಾತರಿ. ಮೊದಲನೆಯದಕ್ಕೆ ಕಾಯಬೇಕಾಗಿಲ್ಲ. ರೈಟರು ಕಿರ್ದಿಯನ್ನು ಮೊದಲು, ಖಾತೆಯನ್ನು ಆಮೇಲೆ ಬರೆದರೆ ಸಾಕು, ಅದಕ್ಕಾಗಿ ಗಿರಾಕಿಯನ್ನು ನಿಲ್ಲಿಸಿಕೊಳ್ಳಬೇಕಾಗಿಲ್ಲ. ಆದರೆ ಇವತ್ತಿನ ಹೆಚ್ಚಿನ ಡಿಸ್ಕ್‌ಗಳು ಮತ್ತು ಆಪರೇಟಿಂಗ್ ಸಿಸ್ಟಮ್‌ಗಳು ಎರಡಕ್ಕೂ ಒಂದೇ ಆಯುಧ ಕೊಡುತ್ತವೆ. ಅದೇ ಫ್ಲಶ್. ಬರೀ ಕ್ರಮ ಬೇಕಿದ್ದವರೂ ಖಾತರಿಯ ಬೆಲೆ ತೆರಬೇಕು. ಬೆಲೆ ಜಾಸ್ತಿ ಅನ್ನಿಸಿದಾಗ ಫ್ಲಶ್ ಆಫ್ ಮಾಡುತ್ತಾರೆ. ಆಗ ಖಾತರಿಯ ಜೊತೆ ಕ್ರಮವೂ ಹೋಗುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. 2013ರಲ್ಲೇ ವಿಸ್ಕಾನ್ಸಿನ್ ಯೂನಿವರ್ಸಿಟಿಯವರು ಒಂದು ಪ್ರಯೋಗದ ಫೈಲ್ ಸಿಸ್ಟಮ್‌ನಲ್ಲಿ ಎಫ್‌ಸಿಂಕ್ ಅನ್ನು ಎರಡಾಗಿ ಒಡೆದು ತೋರಿಸಿದರು, ಕ್ರಮಕ್ಕೆ ಒಂದು ಕರೆ, ಖಾತರಿಗೆ ಒಂದು ಕರೆ. ಫೋನ್‌ಗಳಲ್ಲಿ ಬಳಸುವ ಇಎಂಎಂಸಿ ಎಂಬ ಫ್ಲ್ಯಾಶ್ ಸ್ಟೋರೇಜ್‌ನ 5.1 ಆವೃತ್ತಿಯಲ್ಲಿ ಕ್ಯಾಶ್ ಖಾಲಿ ಮಾಡದೆ ಕ್ರಮ ಮಾತ್ರ ಹೇಳುವ ಬ್ಯಾರಿಯರ್ ಆಜ್ಞೆ ಇದೆ. ಆಪಲ್ ಕೂಡ ಅಂಥದ್ದೇ ಒಂದು ಕರೆ ಕೊಡುತ್ತದೆ. ಆದರೆ ಎನ್‌ವಿಎಂಇಯಲ್ಲಿ ಆ ಆಜ್ಞೆ ಇಲ್ಲ, ಲಿನಕ್ಸ್‌ನ ಸಾಮಾನ್ಯ ಪ್ರೋಗ್ರಾಂಗಳಿಗೂ ಅಂಥ ಕರೆ ಇಲ್ಲ. 2024ರಲ್ಲಿ ಬಂದ ಲಿನಕ್ಸ್ 6.11ರಲ್ಲಿ ಒಂದು ತುಂಡು ಬರಹ ಪೂರ್ತಿ ಇಳಿಯಬೇಕು ಇಲ್ಲವೇ ಇಳಿಯಲೇಬಾರದು ಅನ್ನುವ ಸೌಲಭ್ಯ ಶುರುವಾಯಿತು. ಡೇಟಾಬೇಸ್‌ಗಳಿಗೆ ಅದರಿಂದ ಉಪಯೋಗ ಇದೆ. ಅದು ಅರ್ಧ ಬರಹವನ್ನು ತಪ್ಪಿಸುತ್ತದೆ. ಎರಡು ಬರಹಗಳ ನಡುವಿನ ಕ್ರಮದ ಪ್ರಶ್ನೆ ಹಾಗೇ ಉಳಿದಿದೆ.

ಒಂದು ಭಾನುವಾರ ಬೆಳಿಗ್ಗೆ ಡೆಕ್ಕನ್ ಕ್ವೀನ್ ಹತ್ತಿ ದಾದರ್‌ನಲ್ಲಿ ಇಳಿದು, ಲೋಕಲ್ ಹಿಡಿದು ಮುಲುಂಡ್‌ಗೆ ಹೋದೆ. ಮಾವನ ಕಂಪ್ಯೂಟರಿನಲ್ಲಿ ವಿಂಡೋಸ್. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಆರಿಸಿ ಪಾಲಿಸೀಸ್ ಪುಟ ತೆರೆದೆ. ಅಲ್ಲಿ ಎರಡು ಚೌಕಗಳು. ಮೊದಲನೆಯದು ಡಿಸ್ಕಿನ ರೈಟ್ ಕ್ಯಾಶ್ ಬಳಸಲು. ಎರಡನೆಯದು ವಿಂಡೋಸ್ ಕಳಿಸುವ ಫ್ಲಶ್ ನಿಲ್ಲಿಸಲು. ಡಿಸ್ಕಿಗೆ ಬೇರೆ ಬ್ಯಾಕಪ್ ವಿದ್ಯುತ್ ಇಲ್ಲದಿದ್ದರೆ ಎರಡನೆಯದಕ್ಕೆ ಟಿಕ್ ಹಾಕಬೇಡಿ ಅಂತ ಅದರ ಕೆಳಗೇ ಬರೆದಿದೆ. ಎರಡಕ್ಕೂ ಟಿಕ್ ಇತ್ತು. ಕಂಪ್ಯೂಟರ್ ಹಾಕಿಕೊಟ್ಟವರು ಸ್ಪೀಡ್ ಬರಲಿ ಅಂತ ಮಾಡಿದ್ದರಂತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಪಾಪ, ಪ್ರತಿ ಬಿಲ್ಲಿಗೂ ಫ್ಲಶ್ ಕೇಳುತ್ತಿತ್ತು. ಆ ಕೋರಿಕೆ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು.

ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡು ಹೋಗಿದ್ದೆ. ಅದು 1, 2, 3 ಅಂತ ನಂಬರ್ ಬರೆದು, ಪ್ರತಿ ಸಲ ಫ್ಲಶ್ ಮಾಡಿ, "ಆಯ್ತು" ಅಂತ ಉತ್ತರ ಬಂದ ಮೇಲೆ ಆ ನಂಬರನ್ನು ನನ್ನ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಓಡುತ್ತಿರುವಾಗಲೇ ಪ್ಲಗ್ ಕಿತ್ತೆವು. ಎರಡನೆಯ ಟಿಕ್ ಇದ್ದಾಗ ಲ್ಯಾಪ್‌ಟಾಪ್ ಕಂಡ ಕೊನೆಯ ನಂಬರಿಗಿಂತ ಡಿಸ್ಕ್ ಎಷ್ಟೋ ಹಿಂದೆ ಇತ್ತು, ನಡುವೆ ತೂತುಗಳೂ ಇದ್ದವು. ಆ ಟಿಕ್ ತೆಗೆದು ಐದು ಸಲ ಪ್ಲಗ್ ಕಿತ್ತರೂ ಒಂದು ನಂಬರೂ ಹೋಗಲಿಲ್ಲ. ಐದು ಸಲದಿಂದ ಎಲ್ಲವೂ ಸಾಬೀತಾಗುವುದಿಲ್ಲ ಅಂತ ನನಗೆ ಗೊತ್ತು. ಆದರೂ ಮಾವ ನಿರಾಳವಾದರು. ಒಂದು ಬಿಲ್ ಆಗಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿದೆ ಅಂತ ಗಲ್ಲಾದಲ್ಲಿ ಕೂತವರಿಗೆ ಅನ್ನಿಸಲಿಲ್ಲ. ಪ್ರಿಂಟರ್ ಕಾಗದ ಹೊರಗೆ ಹಾಕುವ ಹೊತ್ತಿನಲ್ಲಿ ಆ ಕೆಲವು ಮಿಲಿಸೆಕೆಂಡ್ ಯಾರಿಗೂ ಕಾಣುವುದಿಲ್ಲ.

609 ಮತ್ತು 610ನೇ ಬಿಲ್‌ಗಳನ್ನು ಅಡುಗೆಮನೆಯಲ್ಲಿ ಮೊಳೆಗೆ ಚುಚ್ಚಿಟ್ಟ ಆರ್ಡರ್ ಚೀಟಿ ಮತ್ತು ಯುಪಿಐ ಮೆಸೇಜ್ ನೋಡಿ ಮತ್ತೆ ಸೇರಿಸಿದೆವು. ಹೊಸ ಯುಪಿಎಸ್ ಬ್ಯಾಟರಿ ಬಂತು. ವಾರಕ್ಕೊಮ್ಮೆ ಬ್ಯಾಕಪ್ ತೆಗೆಯುವ ಯುಎಸ್‌ಬಿ ಡಿಸ್ಕಿನ ಮೇಲೂ ಅದೇ ಪರೀಕ್ಷೆ ಮಾಡಿದೆ. ವಿಂಡೋಸ್‌ನಲ್ಲಿ ಎಲ್ಲ ಸರಿಯಿದ್ದರೂ ಅದರಲ್ಲಿ ಮೂರರಲ್ಲಿ ಎರಡು ಸಲ ನಂಬರ್ ಹೋದವು. ಆ ಡಿಸ್ಕನ್ನು ಕೂರಿಸಿದ ಡಬ್ಬಿಯೊಳಗಿನ ಚಿಪ್ ಫ್ಲಶ್ಶನ್ನು ಡಿಸ್ಕಿಗೆ ದಾಟಿಸುತ್ತಿಲ್ಲ ಅಂತ ಕಾಣುತ್ತದೆ. ಡಬ್ಬಿ ಬದಲಿಸಿ ಮತ್ತೆ ನೋಡಬೇಕು. ಅಲ್ಲಿಯ ತನಕ ಬ್ಯಾಕಪ್ ಮುಗಿದ ಮೇಲೆ ಸೇಫ್ಲಿ ರಿಮೂವ್ ಒತ್ತಿ, ದೀಪ ಆರಿದ ಮೇಲೂ ಎರಡು ನಿಮಿಷ ಬಿಟ್ಟೇ ತೆಗೆಯಿರಿ ಅಂತ ಮಾವನಿಗೆ ಹೇಳಿ ಬಂದಿದ್ದೇನೆ.